ಸರಪಳಿಯ ಸವಕಳಿ



ಕಣ್ಣಿಗೆ ಕಾಣುವ ದೋಷವನ್ನು ತಿದ್ದುವುದು ಸುಲಭ. ಮುಚ್ಚಳದ ಮರೆಯಲ್ಲಿ ದಿನದಿನವೂ ಅಣುವಿನಷ್ಟು ನಡೆಯುವ ಸವಕಳಿಯನ್ನು ಅರಿಯುವುದು ಕಷ್ಟ. ಹಳೆಯ ಕಾರಿನ ಟೈಮಿಂಗ್ ಚೈನ್ ಇದಕ್ಕೊಂದು ನಿದರ್ಶನ.

ಹೊಳೆನರಸೀಪುರದ ನಮ್ಮ ಚಿಕ್ಕಪ್ಪನವರ ಬಳಿ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹಳೆಯ ಅಂಬಾಸಿಡರ್ ಕಾರೊಂದಿದೆ. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಅರಕಲಗೂಡಿನ ಬೀಗರ ಮನೆಗೂ, ಚನ್ನರಾಯಪಟ್ಟಣದ ಮದುವೆಗಳಿಗೂ, ನಡುರಾತ್ರಿಯಲ್ಲಿ ನೆರೆಯವರನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ ಆಧಾರ. ಕಳೆದ ವರ್ಷ ಬೆಳಿಗ್ಗೆ ಚಾಲೂ ಮಾಡಿದೊಡನೆ ಎಂಜಿನ್ನಿನ ಮುಂಭಾಗದಲ್ಲಿ ಗಲಗಲ ಸದ್ದು ಕೇಳತೊಡಗಿತು. ಏರಿನಲ್ಲಿ ಕಸುವು ಕುಂದಿತು. ಮಗ, "ಅಪ್ಪಾಜಿ, ಇನ್ನು ಗುಜರಿಗೆ ಕೊಟ್ಟುಬಿಡೋಣ" ಎಂದ. ಚಿಕ್ಕಪ್ಪನವರು ಮಾತಾಡದೆ ನನ್ನನ್ನು ಕೂರಿಸಿಕೊಂಡು ಹಾಸನದ ಮೇಸ್ತ್ರಿಯೊಬ್ಬರಲ್ಲಿಗೆ ಹೊರಟರು.

ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಸುತ್ತುವಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ಸುತ್ತಬೇಕು. ಈ ಲೆಕ್ಕವನ್ನು ಕಾಯುವುದು ಆ ಸರಪಳಿ. ಅದು ಉದ್ದವಾಯಿತೆಂದು ಹೇಳುವುದು ವಾಡಿಕೆ. ನಿಜದಲ್ಲಿ ಉಕ್ಕು ಹಿಗ್ಗುವುದಿಲ್ಲ. ಪ್ರತಿಯೊಂದು ಕೊಂಡಿಯ ಪಿನ್ನು, ಬುಷ್ಷು ತುಸುತುಸುವೇ ಸವೆಯುತ್ತವೆ. ಒಂದೊಂದು ಕೊಂಡಿಯ ಸವಕಳಿ ಲೆಕ್ಕಕ್ಕೆ ಬಾರದಷ್ಟು. ಎಲ್ಲವೂ ಕೂಡಿದಾಗ ಸರಪಳಿ ಸಡಿಲಗೊಂಡು ವಾಲ್ವುಗಳು ತಡವಾಗಿ ತೆರೆಯುತ್ತವೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಅದೇ ಕ್ಯಾಮ್ ಶಾಫ್ಟಿನಿಂದ ತಿರುಗುವುದರಿಂದ ಕಿಡಿಯೂ ತಡವಾಗುತ್ತದೆ. ಸರಪಳಿ ಹಲ್ಲು ಹಾರಿದರೆ ಕೆಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೇ ಬಡಿದು ಬಾಗುವುದುಂಟು.

ಮೇಸ್ತ್ರಿ ರೇಡಿಯೇಟರ್ ಇಳಿಸಿ, ಮುಂದಿನ ಪುಲ್ಲಿ ಬಿಚ್ಚಿ, ಮುಚ್ಚಳ ತೆಗೆದರು. ಜೋತುಬಿದ್ದ ಸರಪಳಿ ಮುಚ್ಚಳದ ಒಳಮೈಯನ್ನು ಉಜ್ಜಿ ಗೀರು ಮಾಡಿತ್ತು. ತೆಂಗಿನಕಾಯಿ ಮಾರಿದ ಹಣ ಮಿತವಾಗಿದ್ದುದರಿಂದ ಚಿಕ್ಕಪ್ಪನವರು, "ಸರಪಳಿಯೊಂದನ್ನೇ ಬದಲಿಸಿ, ಮೇಸ್ತ್ರಿಗಳೇ" ಎಂದರು. ಅವರು ಒಪ್ಪಲಿಲ್ಲ. ಚಕ್ರಗಳ ಹಲ್ಲುಗಳನ್ನು ಬೆರಳಿನಿಂದ ಸವರಿ ತೋರಿಸಿದರು: "ಯಜಮಾನರೇ, ಹಲ್ಲು ಸವೆದಿವೆ. ಹೊಸ ಸರಪಳಿಯನ್ನು ಇವುಗಳ ಮೇಲೆ ಹಾಕಿದರೆ ಅದನ್ನೂ ಬೇಗ ತಿಂದುಹಾಕುತ್ತವೆ. ಹಾಗೆ ಮಾಡಿ ನಿಮ್ಮ ಹಣ ತೆಗೆದುಕೊಳ್ಳಲಾರೆ."

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸರಪಳಿ, ಎರಡು ಚಕ್ರ, ಆಯಿಲ್ ಸೀಲು ತರಿಸಿದ್ದಾಯಿತು. ಎರಡೂ ಚಕ್ರಗಳ ಗುರುತಿನ ಚುಕ್ಕಿಗಳನ್ನು ಎದುರುಬದುರಾಗಿ ನಿಲ್ಲಿಸಿ ಸರಪಳಿ ಕೂರಿಸಿದರು. ಒಡನೆಯೇ ಚಾಲೂ ಮಾಡಲಿಲ್ಲ. ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಚುಕ್ಕಿಗಳು ಮತ್ತೆ ಎದುರಾದುದನ್ನು ನೋಡಿದ ಮೇಲೆಯೇ ಮುಚ್ಚಳ ಮುಚ್ಚಿದರು. ಬಳಿಕ ಕಿಡಿಯ ಹೊತ್ತನ್ನು ಹೊಸದಾಗಿ ಹೊಂದಿಸಿದರು. ಆಯಿಲನ್ನೂ ಬದಲಿಸಿದರು, ಏಕೆಂದರೆ ಕೊಳೆಯಾದ ಎಣ್ಣೆಯೇ ಕೊಂಡಿಗಳನ್ನು ಬೇಗ ಸವೆಸುತ್ತದೆ.

ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಬಾಂಧವ್ಯ ಒಂದೇ ದಿನದಲ್ಲಿ ಕಡಿಯುವುದು ವಿರಳ. ಹೇಳದೆ ಉಳಿದ ಒಂದೊಂದು ಮಾತು ಒಂದೊಂದು ಕೊಂಡಿಯನ್ನು ಸವೆಸುತ್ತದೆ. ಸರಿಪಡಿಸುವಾಗ ಒಬ್ಬರು ಬದಲಾಗಿ, ಮತ್ತೊಬ್ಬರು ಹಳೆಯ ಹಲ್ಲುಗಳನ್ನೇ ಉಳಿಸಿಕೊಂಡರೆ ಆ ಹೊಸತನ ಬಹುಕಾಲ ಬಾಳದು.

ಊರಿಗೆ ಮರಳುವಾಗ ಚಿಕ್ಕಪ್ಪನವರು ಮಗನನ್ನು ಕರೆದು ಕಾರಿನ ಕೀಲಿಯನ್ನು ಅವನ ಕೈಗಿತ್ತರು. ಹಿಂದೆಂದೂ ಅವರು ಹಾಗೆ ಕೊಟ್ಟವರಲ್ಲ.