ಪಶ್ಚಿಮ ಬೆಂಗಳೂರಿನ ಸಂಚಾರ: ತಿಗಣೆ ಕಲಿಸಿದ ಪಾಠ

ಕಳೆದ ಶ್ರಾವಣ ಮಾಸದಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಹದಿನೈದು ದಿನ ಸಂಚರಿಸುವ ಪ್ರಸಂಗ ನಮಗೆ ಒದಗಿತು. ಸಂಜೆ ಭಕ್ತರ ಮನೆಗಳಲ್ಲಿ ಪ್ರವಚನ, ಹಗಲು ಓದು ಬರಹ, ರಾತ್ರಿ ಯಾರ ಮನೆಯಲ್ಲಿ ಪ್ರಸಾದವೋ ಅಲ್ಲಿಯೇ ವಿಶ್ರಾಂತಿ. ಸಂಚಾರದ ಅನುಭವವನ್ನು ಬರೆಯುವಾಗ ಗುಡಿ, ಮಠ, ಶಾಸನಗಳ ವಿಚಾರ ಬರೆಯುವುದು ನಮ್ಮ ವಾಡಿಕೆ. ಈ ಸಲ ತಿಗಣೆಯನ್ನು ಕುರಿತು ಬರೆಯಬೇಕಾಗಿ ಬಂದಿದೆ. ಓದುಗ ಬಂಧುಗಳು ನಗಬಾರದು. ಸಾಸಿವೆಗಿಂತ ಸ್ವಲ್ಪವೇ ದೊಡ್ಡದಾದ ಈ ಜೀವಿಯ ನೆಪದಿಂದ ಒಂದು ಸಂಸಾರಕ್ಕೆ ಅನ್ಯಾಯವಾದದ್ದನ್ನು ನಾವು ಕಣ್ಣಾರೆ ಕಂಡೆವು. ಆ ಅನ್ಯಾಯದಲ್ಲಿ ನಮ್ಮ ಪಾಲೂ ಇತ್ತೆಂಬುದನ್ನು ಮುಚ್ಚಿಡುವುದು ನಮಗೆ ಶೋಭಿಸದು.

ಮೊದಲ ಮೂರು ದಿನ ನಮ್ಮ ವಾಸ ರಾಜಾಜಿನಗರದಲ್ಲಿ. ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ಈ ಬಡಾವಣೆ ಕಾರ್ಖಾನೆಗಳ ಜೊತೆಯಲ್ಲಿ ಬೆಳೆದದ್ದು. ನಾವು ಇಳಿದುಕೊಂಡಿದ್ದ ಮನೆಯ ಹಿರಿಯರು ಎಂಬತ್ತು ದಾಟಿದವರು. ಅವರು ತಮ್ಮ ಎಳವೆಯ ದಿನಗಳನ್ನು ನೆನೆದು ಹೇಳಿದರು: "ಭಾನುವಾರ ಬಂತೆಂದರೆ ಬೀದಿಯ ತುಂಬ ನವಾರು ಮಂಚಗಳೇ ಗುರುಗಳೇ. ಹಂಡೆಯಲ್ಲಿ ನೀರು ಕುದಿಸಿ ಸಂದಿಸಂದಿಗೂ ಹೊಯ್ಯುತ್ತಿದ್ದೆವು. ಆಮೇಲೆ ಡಿ.ಡಿ.ಟಿ. ಬಂತು, ತಿಗಣೆಯನ್ನು ಮರೆತೇಬಿಟ್ಟೆವು."

ಮರೆತದ್ದು ನಾವೇ ಹೊರತು ತಿಗಣೆಯಲ್ಲ. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಲೋಕದಾದ್ಯಂತ ಬಳಕೆಗೆ ಬಂದಿತು. ಆದರೆ 1947ರಲ್ಲಿಯೇ ಹವಾಯಿ ದ್ವೀಪದ ಪರ್ಲ್ ಹಾರ್ಬರಿನ ಸೈನಿಕರ ವಸತಿಗಳಲ್ಲಿ ಆ ವಿಷಕ್ಕೆ ಜಗ್ಗದ ತಿಗಣೆಗಳು ಕಂಡುಬಂದವು. ಅನಂತರ ಬಂದ ಪೈರೆಥ್ರಾಯಿಡ್ ಔಷಧಗಳಿಗೂ ಈಗ ಅನೇಕ ಕಡೆ ಅದೇ ಗತಿ. ಜನ ದೇಶದಿಂದ ದೇಶಕ್ಕೆ ಓಡಾಡುವುದು ಹೆಚ್ಚಿದಂತೆ ತಿಗಣೆಯೂ ಪೆಟ್ಟಿಗೆಗಳಲ್ಲಿ ಕುಳಿತು ಹೊರಟಿತು. 2023ರಲ್ಲಿ, ಒಲಿಂಪಿಕ್ ಕ್ರೀಡೆಗಳಿಗೆ ಸಜ್ಜಾಗುತ್ತಿದ್ದ ಪ್ಯಾರಿಸ್ ನಗರವೇ ತಿಗಣೆಯ ಭೀತಿಯಿಂದ ಕಂಗಾಲಾಗಿತ್ತು. ಆದುದರಿಂದ ತಿಗಣೆ ಬಂದ ಮನೆ ಕೊಳಕು ಮನೆಯೆಂಬ ಭಾವನೆ ಶುದ್ಧ ತಪ್ಪು. ಅದಕ್ಕೆ ಬೇಕಾದದ್ದು ಕೊಳೆಯಲ್ಲ, ಮಲಗಿರುವ ಮನುಷ್ಯನ ಬಿಸಿ ಮೈ ಮತ್ತು ಅಡಗಲು ಒಂದು ಸಂದಿ.

ಅಲ್ಲಿಂದ ನಾವು ವಿಜಯನಗರಕ್ಕೆ ಹೋದೆವು. ಇಲ್ಲಿ ಬೀದಿಗೊಂದರಂತೆ ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರ, ಅವುಗಳ ಸುತ್ತ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳು. ನಮ್ಮ ಕಡೆಯ, ಅಂದರೆ ಧಾರವಾಡ ಸೀಮೆಯ ಹುಡುಗನೊಬ್ಬ ದರ್ಶನಕ್ಕೆ ಬಂದ. ಎರಡೂ ತೋಳುಗಳ ಮೇಲೆ ಸಾಲುಸಾಲಾಗಿ ಕೆಂಪು ದದ್ದು. ಎರಡು ತಿಂಗಳಿಂದ ಅಲರ್ಜಿಯೆಂದು ಮುಲಾಮು ಹಚ್ಚುತ್ತಿದ್ದನಂತೆ. "ಜೊತೆಗಾರನಿಗೆ ಏನೂ ಆಗಿಲ್ಲರೀ ಅಜ್ಜಾರ, ಅದಕ್ಕs ತಗಣಿ ಇರಲಿಕ್ಕಿಲ್ಲ ಅನಕೊಂಡೆ" ಎಂದ. ಅವನ ಊಹೆ ತಪ್ಪಾಗಿತ್ತು. ತಿಗಣೆ ಕಚ್ಚಿದರೂ ಕೆಲವರ ಮೈಮೇಲೆ ಗುರುತೇ ಮೂಡುವುದಿಲ್ಲ. ಮತ್ತೆ ಕೆಲವರಿಗೆ ದಿನಗಳು ಕಳೆದ ಮೇಲೆ ಮೂಡುತ್ತದೆ. ಮೈಯ ಗುರುತೊಂದರಿಂದಲೇ ತಿಗಣೆ ಇದೆಯೆಂದಾಗಲಿ ಇಲ್ಲವೆಂದಾಗಲಿ ನಿರ್ಣಯಿಸಲಾಗದು. ನೋಡಬೇಕಾದದ್ದು ಹಾಸಿಗೆಯನ್ನು.

ಐದನೆಯ ದಿನ ಬಸವೇಶ್ವರನಗರ. ನಾವು ಇಳಿದುಕೊಂಡ ಮನೆ ನಮಗೆ ಇಪ್ಪತ್ತು ವರ್ಷಗಳಿಂದ ಪರಿಚಿತ. ಹಿಂದೆ ಬಸವ ಜಯಂತಿಯ ಸಂದರ್ಭದಲ್ಲಿಯೂ ಅಲ್ಲಿಯೇ ಎರಡು ರಾತ್ರಿ ತಂಗಿದ್ದೆವು. ಅತಿಥಿಗಳ ಕೋಣೆಯಲ್ಲಿ ಅದೇ ಮಂಚ, ಮೇಲೆ ಹೊಸ ಹಾಸಿಗೆ. ಬೆಳಗಿನ ಜಾವ ಕತ್ತಿನ ಬಳಿ ಉರಿ ಕಂಡು ಎಚ್ಚರವಾಯಿತು. ದೀಪ ಹಾಕಿದಾಗ ಹೊದಿಕೆಯ ಮೇಲೆ ಸಣ್ಣದೊಂದು ರಕ್ತದ ಕಲೆ.

ಬೆಳಿಗ್ಗೆ ವಿಷಯ ತಿಳಿಸಿದೊಡನೆ ಗೃಹಿಣಿಯ ಮುಖ ಬಾಡಿತು. "ಕ್ಷಮಿಸಬೇಕು ಗುರುಗಳೇ. ಜ್ಯೇಷ್ಠ ಮಾಸದಲ್ಲಿ ಮೊಮ್ಮಗ ಈ ಕೋಣೆಯಲ್ಲಿ ಮಲಗಲು ಶುರುಮಾಡಿದ. ಮೈಯೆಲ್ಲ ಕಚ್ಚಿತು. ಹಳೆಯ ಹಾಸಿಗೆ ಸರಿಯಿಲ್ಲವೆಂದು ಅದನ್ನು ಮನೆಗೆಲಸದಾಕೆಗೆ ಕೊಟ್ಟು ಹೊಸದನ್ನು ತಂದೆವು. ಹದಿನೈದು ದಿನದಲ್ಲಿ ಮತ್ತೆ ಶುರುವಾಯಿತು. ಅವಳ ಬಟ್ಟೆಬರೆಯಲ್ಲಿಯೇ ಬರುತ್ತಿರಬೇಕೆಂದು ಅಕ್ಕಪಕ್ಕದವರು ಹೇಳಿದರು. ಆರು ವರ್ಷ ಕೆಲಸ ಮಾಡಿದವಳನ್ನು ಬಿಡಿಸಿಬಿಟ್ಟೆವು."

ಅವರ ಮಗನನ್ನು ಕರೆದು, ಒಂದು ಟಾರ್ಚು ಮತ್ತು ಹಳೆಯ ಲಗ್ನಪತ್ರಿಕೆಯ ಗಟ್ಟಿ ಕಾಗದವನ್ನು ಹಿಡಿದು ನಾವೇ ಹುಡುಕಲು ಕುಳಿತೆವು. ಹುಡುಕುವ ಕ್ರಮವನ್ನು ಗೃಹಿಣಿಯರ ಅನುಕೂಲಕ್ಕಾಗಿ ಹೇಳುತ್ತೇವೆ. ಮೊದಲು ಹಾಸಿಗೆಯ ಹೊಲಿಗೆ ಮತ್ತು ಮೂಲೆಗಳು, ತರುವಾಯ ಮಂಚದ ತಲೆಹಲಗೆ, ಕೀಲು, ಮೊಳೆಯ ರಂಧ್ರ, ಹಲಗೆಗಳ ಕೆಳಮೈ. ಅನಂತರ ಗೋಡೆಗೆ ತೂಗುಹಾಕಿದ ಪಟ, ಕ್ಯಾಲೆಂಡರಿನ ಹಿಂಬದಿ, ವಿದ್ಯುತ್ ಸ್ವಿಚ್ಚಿನ ಅಂಚು. ಸಂದಿಯಲ್ಲಿ ಕಾಗದವನ್ನು ಎಳೆದರೆ ಅಡಗಿದ್ದುದು ಹೊರಬೀಳುತ್ತದೆ. ಶಾಯಿಯ ಚುಕ್ಕೆಯಂತಹ ಕಪ್ಪು ಕಲೆಗಳು ಅದರ ಮಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದು ಬಣ್ಣವಾಗಿ ಹರಡುತ್ತವೆ. ಪೊರೆ ಬಿಟ್ಟ ಒಣ ಸಿಪ್ಪೆಗಳು, ಒಂದು ಮಿಲಿಮೀಟರಿನ ಬಿಳಿ ಮೊಟ್ಟೆಗಳು, ಹೆಚ್ಚಾದಾಗ ಒಂದು ಬಗೆಯ ಕಮಟು ವಾಸನೆ, ಇವು ಉಳಿದ ಕುರುಹುಗಳು. ಬೆಳೆದ ತಿಗಣೆ ನಾಲ್ಕೈದು ಮಿಲಿಮೀಟರಿನಷ್ಟು, ಚಪ್ಪಟೆ, ಕೆಂಗಂದು. ಅದು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ನಡೆದೇ ಬರಬೇಕು, ಇಲ್ಲವೆ ಯಾರಾದರೂ ಹೊತ್ತು ತರಬೇಕು.

ಮಂಚದ ತಲೆಹಲಗೆಯ ಕೀಲಿನಲ್ಲಿ ನಾಲ್ವತ್ತಕ್ಕೂ ಹೆಚ್ಚು ಸಿಕ್ಕವು. ಹಾಸಿಗೆ ಬದಲಾಗಿತ್ತು, ಮಂಚ ಬದಲಾಗಿರಲಿಲ್ಲ. ಸಂಸ್ಕೃತ ಪಂಚತಂತ್ರದಲ್ಲಿ ರಾಜನ ಶಯ್ಯೆಯಲ್ಲಿದ್ದ ಹೇನಿನ ಬಳಿಗೆ ಅಗ್ನಿಮುಖನೆಂಬ ತಿಗಣೆ ಅತಿಥಿಯಾಗಿ ಬರುತ್ತದೆ. ರಾಜನನ್ನು ಕಚ್ಚಿದ ತಿಗಣೆ ಮಂಚದ ಸಂದಿ ಸೇರಿ ಪಾರಾಗುತ್ತದೆ, ಆಶ್ರಯ ಕೊಟ್ಟ ಹೇನು ಸಾಯುತ್ತದೆ. ತಪ್ಪು ಮಾಡಿದವನು ಒಬ್ಬ, ದಂಡ ತೆತ್ತವನು ಇನ್ನೊಬ್ಬ. ಆ ಕಥೆ ನೆನಪಾದೊಡನೆ ನಮ್ಮ ಮನಸ್ಸಿಗೆ ಇನ್ನೊಂದು ಸಂಗತಿ ಹೊಳೆದು ಮೈ ಬೆವರಿತು.

ಬಸವ ಜಯಂತಿಗೆ ಆ ಮನೆಗೆ ಬರುವ ಮುನ್ನ ನಾವು ಒಂದು ಯಾತ್ರಾಸ್ಥಳದ ವಸತಿಗೃಹದಲ್ಲಿ ತಂಗಿದ್ದೆವು. ರಾತ್ರಿಯೆಲ್ಲ ಏನೋ ಕಚ್ಚಿತ್ತು. ಸೊಳ್ಳೆಯೆಂದು ಸುಮ್ಮನಾದೆವು, ಯಾರಿಗೂ ಹೇಳಲಿಲ್ಲ. ಈಗ ನಮ್ಮ ಹಳೆಯ ಕೈಚೀಲವನ್ನು ತಂದು ಅದರ ಹೊಲಿಗೆಗೆ ಟಾರ್ಚು ಹಿಡಿದೆವು. ಹೊಲಿಗೆಯುದ್ದಕ್ಕೂ ಒಣಗಿದ ಕಪ್ಪು ಚುಕ್ಕೆಗಳು, ಎರಡು ಸಿಪ್ಪೆಗಳು. ಆ ಚೀಲವನ್ನು ವೈಶಾಖದಲ್ಲಿ ಇದೇ ಮಂಚದ ತಲೆದೆಸೆಯಲ್ಲಿ ಇಟ್ಟಿದ್ದೆವು. ಮನೆಗೆಲಸದಾಕೆಯ ಚೀಲವಾದರೋ ಆರು ವರ್ಷವೂ ಹಿತ್ತಿಲ ಬಾಗಿಲ ಗೂಟದಲ್ಲಿಯೇ ತೂಗಿತ್ತು.

"ತಾಯಿ, ಇದನ್ನು ತಂದವರು ನಾವೇ ಇರಬೇಕು" ಎಂದೆವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಅವಳ ಮನೆಗೆ ಹೋಗಬೇಕು ಗುರುಗಳೇ, ಆ ಹಾಸಿಗೆ ಅವಳ ಮನೆಯಲ್ಲಿದೆ" ಎಂದರು. ನಮಗೆ ಹೊಳೆಯದ ಮಾತು ಆ ತಾಯಿಗೆ ಹೊಳೆದಿತ್ತು.

ಕೆಲಸ ಹೋದ ಮೇಲೆ ಆಕೆ ಕಡಿಮೆ ಬಾಡಿಗೆಯ ಮನೆ ಹಿಡಿದು ಕೆಂಗೇರಿಯ ಕಡೆ ಹೋಗಿದ್ದಳು. ಮರುದಿನ ನಾವಿಬ್ಬರೂ ಆಟೋದಲ್ಲಿ ವಿಜಯನಗರಕ್ಕೆ ಬಂದು ಮೆಟ್ರೋ ಹತ್ತಿದೆವು. ಈ ಮಾರ್ಗ 2015ರಲ್ಲಿ ಮೈಸೂರು ರಸ್ತೆಯವರೆಗೆ, 2021ರಲ್ಲಿ ಕೆಂಗೇರಿಯವರೆಗೆ ತೆರೆಯಿತು. ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ, ಜ್ಞಾನಭಾರತಿ ಒಂದೊಂದಾಗಿ ಹಿಂದೆ ಸರಿದವು. ನಂದಿಯ ಹೆಸರನ್ನು ಹೊತ್ತ ವೃಷಭಾವತಿ ನಗರದ ಕೊಳೆಯನ್ನೆಲ್ಲ ಹೊತ್ತು ಈ ದಿಕ್ಕಿಗೇ ಹರಿಯುತ್ತದೆ. ಒಬ್ಬರ ಕೊಳೆಯನ್ನು ಇನ್ನೊಬ್ಬರ ಕಡೆಗೆ ಹರಿಯಬಿಡುವುದು ನಗರಕ್ಕೆ ಹೊಸದೇನಲ್ಲ ಎನಿಸಿತು.

ಒಂದೇ ಕೋಣೆಯ ಮನೆ. ಗುಡಿಸಿ ಸಾರಿಸಿ ಕನ್ನಡಿಯಂತೆ ಇಟ್ಟಿದ್ದಳು. ಆದರೂ ಅವಳ ಇಬ್ಬರು ಮಕ್ಕಳ ಕಾಲುಗಳ ಮೇಲೆ ಅದೇ ಸಾಲು ದದ್ದು. ಹಾಸಿಗೆಯನ್ನು ದಿನವೂ ಬಿಸಿಲಿಗೆ ಹಾಕುತ್ತಿದ್ದಳಂತೆ. ದಪ್ಪ ಹಾಸಿಗೆಯ ಒಳಭಾಗಕ್ಕೆ ಬೆಂಗಳೂರಿನ ಬಿಸಿಲು ಸಾಲದು. ತಿಗಣೆ ತಂಪಾದ ಮಗ್ಗುಲಿಗೆ ಸರಿದು ಬದುಕುತ್ತದೆ. ಹಿಂದಿನ ದಿನವಷ್ಟೇ ಯಾರೋ ಗೋದಾಮಿನ ಧಾನ್ಯಕ್ಕೆ ಇಡುವ ಗುಳಿಗೆಯನ್ನು ತಂದುಕೊಟ್ಟಿದ್ದರು. ಅದನ್ನು ಕಂಡು ನಾವು ನಡುಗಿದೆವು. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಆ ಗುಳಿಗೆ ಗಾಳಿಯ ತೇವ ತಗುಲಿದರೆ ಪ್ರಾಣಾಂತಿಕ ಅನಿಲವನ್ನು ಬಿಡುತ್ತದೆ. ಮಲಗುವ ಮನೆಯಲ್ಲಿ ಅದನ್ನು ಇಡಲೇಬಾರದು. ಸೀಮೆಎಣ್ಣೆ, ಪೆಟ್ರೋಲು, ಹೊಲಕ್ಕೆ ಹೊಡೆಯುವ ಔಷಧ, ಇವೂ ಅಷ್ಟೇ ಅಪಾಯಕರ. ತಿಗಣೆ ನಿದ್ದೆಗೆಡಿಸುತ್ತದೆಯೇ ಹೊರತು, ಮನುಷ್ಯರಿಗೆ ರೋಗ ಹರಡುವುದೆಂದು ಸಿದ್ಧಪಟ್ಟಿಲ್ಲ. ಅದಕ್ಕೆ ಹೆದರಿ ಮಕ್ಕಳ ಪ್ರಾಣವನ್ನು ಪಣವಿಡುವುದು ಅವಿವೇಕ.

ಎರಡೂ ಮನೆಗಳಿಗೆ ಪರವಾನಗಿಯುಳ್ಳ ಕೀಟ ನಿಯಂತ್ರಕರನ್ನು ಕರೆಸುವುದೆಂದು ಆ ಗೃಹಿಣಿ ಅಲ್ಲಿಯೇ ನಿಶ್ಚಯಿಸಿದರು. ವೆಚ್ಚದಲ್ಲಿ ಅರ್ಧ ನಮ್ಮ ಪ್ರವಚನದ ಕಾಣಿಕೆಯಿಂದ ಸಂದಿತು. ಅವರು ಬರುವ ಮುನ್ನ ಬಟ್ಟೆ, ಹೊದಿಕೆಗಳನ್ನು ಅರುವತ್ತು ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಒಗೆದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು. ಮಂಚವನ್ನು ಬಿಚ್ಚಿ ಕೀಲುಗಳಿಗೆ ಕುದಿಯುವ ನೀರು ಹೊಯ್ದು ಒಣಗಿಸಿ, ಬಿರುಕುಗಳನ್ನು ಮುಚ್ಚಬೇಕು. ಸಿಂಪಡಣೆಯಾದ ಮೇಲೆ ಅವರು ಹೇಳಿದಷ್ಟು ಕಾಲ ಹೊರಗಿದ್ದು, ಮನೆಗೆ ಗಾಳಿಯಾಡಿಸಿಯೇ ಒಳಹೋಗಬೇಕು. ಔಷಧಕ್ಕೆ ಮೊಟ್ಟೆ ಸುಲಭವಾಗಿ ಸಾಯದು, ಒಂದೆರಡು ವಾರದಲ್ಲಿ ಮರಿಯಾಗುತ್ತದೆ. ಆದುದರಿಂದ ಎರಡು ವಾರಗಳ ಅನಂತರ ಎರಡನೆಯ ಸಲ ಅವಶ್ಯ. ಕೋಣೆ ಬದಲಾಯಿಸಿ ಮಲಗಿದರೆ ಅದು ಹಿಂಬಾಲಿಸುತ್ತದೆ. ಬೀಗ ಹಾಕಿ ಊರಿಗೆ ಹೋದರೂ ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ. ತಿಗಣೆಯಿರುವ ಹಾಸಿಗೆಯನ್ನು ದಾನವಾಗಿ ಯಾರಿಗೂ ಕೊಡಬಾರದು. ಅದು ದಾನವಾಗುವುದಿಲ್ಲ.

ಮತ್ತೆ ಕೆಲಸಕ್ಕೆ ಬರುವಂತೆ ಗೃಹಿಣಿ ಕೈಮುಗಿದು ಕೇಳಿದರು. ಆಕೆ ಒಪ್ಪಲಿಲ್ಲ. "ಇಲ್ಲೇ ಎರಡು ಮನೆ ಕೆಲಸ ಸಿಕ್ಕಿದೆ ಅಮ್ಮಾವ್ರೆ. ನನಗೆ ಕೋಪವಿಲ್ಲ. ಆದ್ರೆ ನಿಮ್ಮ ಬೀದೀಲಿ ನಾಕು ಮನೆಗೆ ನನ್ನಿಂದ ಬಂತು ಅಂತ ಹೇಳಿದ್ರಿ. ಅವ್ರಿಗೆಲ್ಲ ಅಲ್ಲ ಅಂತ ಹೇಳಿಬಿಡಿ, ಸಾಕು."

ಅಂದು ಸಂಜೆಯೇ ಆ ತಾಯಿ ನಾಲ್ಕು ಮನೆಗಳಿಗೂ ಹೋಗಿ ಹೇಳಿ ಬಂದರು. ನಾವೂ ಜೊತೆಗೆ ಹೋದೆವು. ಒಂದು ಮನೆಯವರು ನಕ್ಕರು, ಒಂದು ಮನೆಯವರು ತಲೆತಗ್ಗಿಸಿದರು. ಮೂರನೆಯ ಮನೆಯವರು ಮೆಲ್ಲಗೆ, "ನಮ್ಮಲ್ಲೂ ಇದೆ, ಹೇಳಿಕೊಳ್ಳಲು ನಾಚಿಕೆಯಾಗಿತ್ತು" ಎಂದರು. ನಾಲ್ಕನೆಯ ಮನೆಯವರು ಒಳಗೆ ಕರೆದು ಟಾರ್ಚು ತಂದರು.

ಈಗ ನಾವು ಹೊಸ ಚೀಲ ಹಿಡಿದಿದ್ದೇವೆ. ಯಾವ ಊರಿನಲ್ಲಿ ತಂಗಿದರೂ ಚೀಲವನ್ನು ನೆಲದ ಮೇಲೆ, ಮಂಚದ ಮೇಲೆ ಇಡದೆ ಗೂಟಕ್ಕೆ ತೂಗುಹಾಕಿ, ಮಲಗುವ ಮುನ್ನ ಹಾಸಿಗೆಯ ನಾಲ್ಕು ಮೂಲೆ ನೋಡುತ್ತೇವೆ. ಭಕ್ತರ ಮನೆಗೆ ಹೋದಾಗ ಜಗಲಿಯಲ್ಲಿಯೇ ಚೀಲ ಬಿಚ್ಚಿ ಹೊಲಿಗೆಗಳನ್ನು ಪರೀಕ್ಷಿಸಿ ಒಳಗೆ ಹೋಗುತ್ತೇವೆ. ಕೆಲವರು, "ಇದೇನು ಗುರುಗಳೇ?" ಎಂದು ಕೇಳುತ್ತಾರೆ. ಅವರಿಗೆ ಕೆಂಗೇರಿಯ ಆ ಮನೆಯ ಸಂಗತಿಯನ್ನು ಹೇಳುತ್ತೇವೆ.