ಮಳೆಗಾಲಕ್ಕೆ ಮುನ್ನ: ತುಂಗೆ-ಭದ್ರೆಯರ ನಡುವೆ ಒಂದು ವಾರ

ಗಂಗಾಮೂಲದಲ್ಲಿ ಜನಿಸುವ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗುವವರೆಗೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ತುಂಗೆ ಶೃಂಗೇರಿಯನ್ನು ಪಾವನಗೊಳಿಸಿದರೆ, ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ಹಾದು ಸಾಗುತ್ತಾಳೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಈ ನದಿಗಳ ಮಡಿಲಿನಲ್ಲಿವೆ. ಗುಡ್ಡದ ಇಳಿಜಾರಿನಲ್ಲಿ ಕಾಫಿ, ಕಣಿವೆಯಲ್ಲಿ ಅಡಿಕೆ, ಅದರ ತಗ್ಗಿನಲ್ಲಿ ಗದ್ದೆ. ಇದು ಇಲ್ಲಿಯ ನೆಲದ ವಿನ್ಯಾಸ. ಪ್ರವಾಸಿಗರಿಗೆ ಬೇಸಿಗೆಯೆಂದರೆ ವಿಶ್ರಾಂತಿ. ಇಲ್ಲಿ ಮನೆ-ತೋಟ ಉಳ್ಳವರಿಗೋ ಅದು ಮಳೆ ಹಿಡಿಯುವ ಮೊದಲು ಮುಗಿಯಲೇಬೇಕಾದ ಕೆಲಸಗಳ ಕಾಲ.

ಬಾಳೆಹೊನ್ನೂರಿಗೆ ಸಮೀಪದ ನಮ್ಮ ಮೂಲಮನೆಗೆ ಪ್ರತಿವರ್ಷ ಬಸವ ಜಯಂತಿಯ ವಾರದಲ್ಲಿ ನಾವೆಲ್ಲರೂ ಹೋಗುವ ಪದ್ಧತಿಯಿದೆ. ಬೆಂಗಳೂರು, ದಾವಣಗೆರೆ, ಶಿವಮೊಗ್ಗಗಳಿಂದ ಮೂವರು ಸಹೋದರರ ಸಂಸಾರಗಳು ಬಂದು ಸೇರಿದರೆ ಜಗುಲಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬೆಳಗಿನ ಜಾವ ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗ ಪೂಜೆಗಳಾದ ಮೇಲೆ ದೊಡ್ಡಪ್ಪನವರು ಅಂದಿನ ಕೆಲಸಗಳನ್ನು ಹಂಚುವರು. ಗಂಡಸರು ಮಾಡು ಹತ್ತಿ, ಒಡೆದ ಹಂಚುಗಳನ್ನು ತೆಗೆದು ಕೈಯಾಡಿಸುತ್ತಾರೆ. ಯುವಕರು ಸೌದೆ ಒಟ್ಟಿ, ತೋಟದ ಬಸಿಗಾಲುವೆಗಳ ಹೂಳೆತ್ತುತ್ತಾರೆ. ಅಜ್ಜಿಯ ಮೇಲ್ವಿಚಾರಣೆಯಲ್ಲಿ ಸೊಸೆಯಂದಿರು ಹಲಸಿನ ತೊಳೆ ಬೇಯಿಸಿ, ಕುಟ್ಟಿ, ಹಪ್ಪಳ ಒತ್ತುತ್ತಾರೆ. ಅಪ್ಪೆಮಿಡಿಗೆ ಉಪ್ಪು ಬೆರೆಸಿ ಭರಣಿಗೆ ತುಂಬುತ್ತಾರೆ. ಚಾಪೆಯ ಮೇಲೊಣಗುವ ಹಪ್ಪಳವನ್ನು ಕಾಯುವುದು ಮಕ್ಕಳ ಕಾಯಕ. ಕಾಯುವಾಗಲೇ ಒಂದಷ್ಟು ಹಸಿ ಹಪ್ಪಳ ಮಾಯವಾಗುವುದೂ ವಾಡಿಕೆಯೇ!

ಈ ಸಲ ಮೈಲುತುತ್ತ ಮತ್ತು ಸುಣ್ಣ ತರಲು ನರಸಿಂಹರಾಜಪುರಕ್ಕೆ ಹೋದೆವು. ಹಿಂದೆ ಎಡೇಹಳ್ಳಿಯಾಗಿದ್ದ ಈ ಊರಿಗೆ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದಿದೆ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯನ್ನು ದರ್ಶಿಸಿ, ಭದ್ರಾ ಜಲಾಶಯದ ಹಿನ್ನೀರನ್ನು ಮಕ್ಕಳಿಗೆ ತೋರಿಸಿ ಮರಳಿದೆವು. ಮರುದಿನ ದೊಡ್ಡಪ್ಪನವರು ಮಕ್ಕಳನ್ನು ಕೂರಿಸಿಕೊಂಡು ಬೋರ್ಡೋ ದ್ರಾವಣದ ಪಾಠ ಹೇಳಿದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಫ್ರಾನ್ಸಿನ ದ್ರಾಕ್ಷಿತೋಟಗಳಿಗೆಂದು 19ನೆಯ ಶತಮಾನದಲ್ಲಿ ರೂಪುಗೊಂಡ ಈ ಔಷಧವನ್ನು ಅಡಿಕೆಯ ಕೊಳೆರೋಗಕ್ಕೆ ಬಳಸುವ ವಿಧಾನವನ್ನು ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್‌ಮನ್ ಅವರು ಪ್ರಚಾರಕ್ಕೆ ತಂದರು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಹಿಂದೆಯೂ ಅವರ ಶ್ರಮವಿತ್ತು.

ಬಸವ ಜಯಂತಿಯಂದು ತೋಟದ ಕೆಲಸಕ್ಕೆ ಬಿಡುವು. ಭದ್ರಾತೀರದಲ್ಲಿರುವ, ಪಂಚಪೀಠಗಳಲ್ಲೊಂದಾದ ರಂಭಾಪುರಿ ಪೀಠಕ್ಕೆ ತೆರಳಿ, ಕ್ಷೇತ್ರನಾಥ ಶ್ರೀ ವೀರಭದ್ರಸ್ವಾಮಿಯ ದರ್ಶನ ಪಡೆದೆವು. ಮಧ್ಯಾಹ್ನ ಮನೆಯಂಗಳದಲ್ಲಿ ದಾಸೋಹ. ಕೊನೆಗಾರನೂ ತೋಟದ ಆಳುಗಳೂ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದರು.

ಮರುದಿನ ಜಯಪುರದ ಮಾರ್ಗವಾಗಿ ಶೃಂಗೇರಿಗೆ ಹೊರಟೆವು. 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ದ್ವಾದಶ ರಾಶಿಗಳ ಕಂಬಗಳನ್ನು ನೋಡಿ, ತುಂಗೆಯ ಮೀನುಗಳಿಗೆ ಪುರಿ ಹಾಕಿ ಮಕ್ಕಳು ನಲಿದರು. ಆದರೆ ಹಿರಿಯರ ದೃಷ್ಟಿ ದಾರಿಯ ಇಕ್ಕೆಲದ ತೋಟಗಳ ಮೇಲೆಯೇ ಇತ್ತು. ಗರಿಗಳು ತುದಿಯಿಂದ ಹಳದಿಯಾಗಿ, ಶಿರ ಕುಗ್ಗಿ, ಬೋಳಾಗುತ್ತಿರುವ ಮರಗಳು! ಅದೇ ಹಳದಿ ಎಲೆ ರೋಗ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ವ್ಯಾಧಿಗೆ ಇಂದಿಗೂ ಖಚಿತವಾದ ಮದ್ದಿಲ್ಲ. ಮೈಲುತುತ್ತ ಕೊಳೆಯನ್ನು ತಡೆದೀತು, ಇದನ್ನು ತಡೆಯದು. 2022ರಲ್ಲಿ ಎಲೆಚುಕ್ಕಿ ರೋಗವೂ ಮಲೆನಾಡಿನಲ್ಲಿ ವ್ಯಾಪಕವಾಗಿ ಹರಡಿತು.

ನಮ್ಮ ತೋಟದ ಕೆಳಗಣ ತಾಕಿಗೂ ಹಳದಿ ರೋಗ ತಗುಲಿದೆ. ಅಂದು ರಾತ್ರಿ ಜಗುಲಿಯಲ್ಲಿ ಆ ಮಾತೇ ಎದ್ದಿತು. “ಮಕ್ಕಳು ಯಾರೂ ಇಲ್ಲಿಗೆ ಹಿಂದಿರುಗುವವರಲ್ಲ. ಬೆಲೆಯಿರುವಾಗಲೇ ಮಾರುವುದು ಮೇಲಲ್ಲವೇ, ಅಣ್ಣಾ?” ಎಂದರು ಚಿಕ್ಕಪ್ಪನವರು. ಆಸ್ಪತ್ರೆ, ಶಿಕ್ಷಣಗಳ ಖರ್ಚು ಕಂಡವರ ಮಾತದು, ತಳ್ಳಿಹಾಕುವಂತಿರಲಿಲ್ಲ. ದೊಡ್ಡಪ್ಪನವರು ಬಹಳ ಹೊತ್ತು ಸುಮ್ಮನಿದ್ದು, “ಮಾರಿದರೆ ಹಣ ಮೂರು ಪಾಲಾಗುತ್ತದೆ, ತಮ್ಮಾ. ಮುಂದಿನ ಬೇಸಿಗೆಗೆ ಇವರೆಲ್ಲ ಎಲ್ಲಿ ಸೇರುತ್ತಾರೆ? ಕೊನೆಗಾರನ ಮನೆಯವರು ಎಲ್ಲಿಗೆ ಹೋಗುತ್ತಾರೆ?” ಎಂದರು. ಆಗ ಅಜ್ಜಿ, “ಮರ ಸತ್ತಿದೆ, ಮಣ್ಣು ಸತ್ತಿಲ್ಲವಲ್ಲ” ಎಂದಷ್ಟೇ ನುಡಿದು ಒಳಗೆ ಹೋದರು.

ಕೊನೆಗೆ ಒಂದು ನಿರ್ಣಯವಾಯಿತು. ಸತ್ತ ಮರಗಳನ್ನು ಕಡಿದು, ಆ ತಾಕಿನಲ್ಲಿ ರೊಬಸ್ಟಾ ಕಾಫಿ ಹಾಕುವುದು. ಹಾಲುವಾಣದ ಕೊಂಬೆಗಳನ್ನು ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುವುದು. ಖರ್ಚನ್ನು ಮೂರೂ ಮನೆಗಳು ಸಮನಾಗಿ ಹೊರುವುದು. ವರ್ಷದಲ್ಲಿ ಒಂದೊಂದು ವಾರ ಒಂದೊಂದು ಸಂಸಾರ ಬಂದು ದುಡಿಯುವುದು. ಐದು ವರ್ಷಗಳ ಅನಂತರ ಮತ್ತೆ ಕುಳಿತು ಯೋಚಿಸುವುದು. ಚಿಕ್ಕಪ್ಪನವರೂ ಒಪ್ಪಿದರು, ಮರುದಿನ ಗುಂಡಿ ತೆಗೆಯಲು ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದವರು ಅವರೇ.

ಕಾಯಕ, ದಾಸೋಹಗಳನ್ನು ನಮ್ಮ ಮಕ್ಕಳು ಪುಸ್ತಕಗಳಲ್ಲಿ ಓದುತ್ತಾರೆ, ಭಾಷಣಗಳಲ್ಲಿ ಕೇಳುತ್ತಾರೆ. ಅಂಗೈಯಲ್ಲಿ ಬೊಬ್ಬೆ ಎದ್ದಾಗ, ಆಳಿನ ಪಕ್ಕದಲ್ಲಿ ಕುಳಿತು ಉಂಡಾಗ ಅವರಿಗೆ ಅದರ ಅರ್ಥ ತಾನಾಗಿ ತಿಳಿಯುತ್ತದೆ. ಹಳ್ಳಿಯಲ್ಲಿ ಇನ್ನೂ ಹಿರಿಯರ ಮನೆಯಿರುವ ಬಂಧುಗಳು ಬರುವ ಬೇಸಿಗೆಯಲ್ಲಿ ಒಂದು ವಾರವನ್ನಾದರೂ ಅದಕ್ಕಾಗಿ ಮೀಸಲಿಡಲಿ. ತೋಟಕ್ಕೆ ರೋಗ ಬಂದಿರುವ ಈ ಕಾಲದಲ್ಲಿ ಮಲೆನಾಡಿನ ಹಿರಿಯರು ನಮ್ಮಿಂದ ಹಣಕ್ಕಿಂತ ಹೆಚ್ಚಾಗಿ ಬಯಸುವುದು ಜೊತೆಗೆ ನಿಲ್ಲುವ ನಾಲ್ಕು ಕೈಗಳನ್ನು.