ತೋಟದ ಮೇಲಿನ ಎಳೆ

ಕೊಡೆಯನ್ನು ಜಗುಲಿಯ ಮೂಲೆಗೆ ಒರಗಿಸಿ ಒಳಗೆ ಬನ್ನಿ. ಕಾಲಿಗೆ ಉಂಬಳ ಹತ್ತಿದೆಯೋ ನೋಡಿಕೊಳ್ಳಿ. ಹತ್ತಿದ್ದರೆ ಸುಣ್ಣದ ಡಬ್ಬಿ ಕವಳದ ಬಟ್ಟಲಲ್ಲೇ ಇದೆ. ಇದು ಸಿದ್ದಾಪುರ ತಾಲ್ಲೂಕಿನ ಒಂದು ತೋಟದ ಮನೆ. ಜುಲೈ ತಿಂಗಳು, ಬೆಳಗಿನ ಎಂಟೂವರೆ. ಮೊನ್ನೆ ಮಧ್ಯಾಹ್ನ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಬೆಳಗಿನ ಜಾವ ಕರೆಂಟು ಹೋಗಿದೆ. ಹತ್ತು ಗಂಟೆಗೆ ನನ್ನ ಆಫೀಸು ಶುರು. ಆಫೀಸು ಮೆತ್ತಿನ ಮೇಲಿದೆ.

ಮೆಟ್ಟಿಲು ಹತ್ತುವ ಮೊದಲು ಅದರ ಬುಡಕ್ಕೆ ಬಗ್ಗಿ ನೋಡಿ. ಕತ್ತಲಲ್ಲಿ ಗುಂಯ್ ಎನ್ನುತ್ತ ಕೂತಿರುವುದು ಇನ್ವರ್ಟರ್. ಅದರ ಪಕ್ಕ 12 ವೋಲ್ಟಿನ, 150 ಆಂಪಿಯರ್-ಅವರಿನ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್-ಅವರ್. ಅಷ್ಟನ್ನೂ ಹಿಂಡಿದರೆ ಬ್ಯಾಟರಿ ಬೇಗ ಕೆಡುತ್ತದೆ, ಇನ್ವರ್ಟರ್ ತಾನೂ ಒಂದಿಷ್ಟು ನುಂಗುತ್ತದೆ. ಸಾವಿರ ಕೈಗೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಲ್ಯಾಪ್‌ಟಾಪಿಗೆ 40 ವ್ಯಾಟ್, ಮೋಡೆಮ್ಮಿಗೆ 10, ಅಡುಗೆಮನೆ ಮತ್ತು ಬಚ್ಚಲಿನ ಎರಡು ಎಲ್‌ಇಡಿ ದೀಪಕ್ಕೆ 18. ಒಂದು ದಿನದ ಕೆಲಸ ದಾಟುತ್ತದೆ, ಎರಡನೆಯ ದಿನಕ್ಕೆ ಸಾಲದು. ಈ ಲೆಕ್ಕ ನನಗಿಂತ ಅಮ್ಮನಿಗೆ ಚೆನ್ನಾಗಿ ಗೊತ್ತು. ಬ್ಯಾಟರಿಯ ಕೆಂಪು ಗುರುತು ಇಳಿದರೆ ಡಿಸ್ಟಿಲ್ಡ್ ವಾಟರ್ ಹಾಕುವವಳೂ ಅವಳೇ. ಒಳಗಿನಿಂದ ಬರುತ್ತಿರುವ ಆ ಗುಡುಗುಡು ಸದ್ದು ಕೇಳಿಸಿತೇ? ಕರೆಂಟು ಹೋದ ದಿನ ಅವಳು ಮಿಕ್ಸಿ ಮುಟ್ಟುವುದಿಲ್ಲ, ಒರಳಲ್ಲೇ ರುಬ್ಬುತ್ತಾಳೆ. ನನ್ನ ಆಫೀಸಿನ ಯಂತ್ರಗಳ ಪಟ್ಟಿಯಲ್ಲಿ ಆ ಒರಳುಕಲ್ಲಿನ ಹೆಸರು ಮೊದಲು ಬರಬೇಕು.

ಈಗ ಹತ್ತಿ. ತಲೆ ಜೋಪಾನ, ತೊಲೆ ತಗ್ಗಿದೆ.

ಹಲಸಿನ ಹಲಗೆಯ ಮೇಜು, ಎರಡು ಸ್ಟೂಲು, ಒಂದು ಕಿಟಕಿ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬಿಳಿ ಪೆಟ್ಟಿಗೆಯೇ ಮೋಡೆಮ್. ಮೊದಲು ಅದು ಕೆಳಗೆ ಪಡಸಾಲೆಯಲ್ಲಿತ್ತು. ಈ ಮನೆಯದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಥಂಡಿ ಕುಡಿದು ಇನ್ನಷ್ಟು ಭಾರವಾಗುತ್ತದೆ. 5 ಗಿಗಾಹರ್ಟ್ಸಿನ ವೈಫೈ ಅದನ್ನು ದಾಟಲೇ ಇಲ್ಲ. 2.4ರದ್ದು ದಾಟಿತು, ಆದರೆ ಸುಸ್ತಾಗಿ. ಪೆಟ್ಟಿಗೆಯನ್ನೇ ಮೇಲಕ್ಕೆ ತಂದ ಮೇಲೆ ಸರಿಹೋಯಿತು. ಅದರ ದೀಪಗಳನ್ನು ನೋಡಿ. ಪಾನ್ ಅನ್ನುವುದು ಹಸಿರಾಗಿ ಅಲುಗದೆ ಉರಿಯುತ್ತಿರಬೇಕು. ಎಲ್‌ಓಎಸ್ ಅನ್ನುವುದು ಆರಿರಬೇಕು. ಬೆಳಗ್ಗೆ ಕಣ್ಣು ಬಿಟ್ಟವರು ಅಂಗೈ ನೋಡಿಕೊಳ್ಳುತ್ತಾರಲ್ಲ, ನಾನು ಇವೆರಡನ್ನು ನೋಡುತ್ತೇನೆ.

ಇನ್ನು ಕಿಟಕಿಯಾಚೆ. ಸೂರಿನ ಕೊಕ್ಕೆಯಿಂದ ಒಂದು ಕರಿ ವಯರು ಹೊರಟು ಮಳೆಯೊಳಗೆ ಮಾಯವಾಗುತ್ತಿದೆಯಲ್ಲ, ಅದೇ ಇಂಟರ್ನೆಟ್ಟಿನ ದಾರಿ. ನಮ್ಮ ತೋಟ ದಾಟಿ, ಪಕ್ಕದವರ ತೋಟದ ಅಡಿಕೆ ಮರದಿಂದ ಮರಕ್ಕೆ ತೂಗಿ, ಹಳ್ಳ ಹಾರಿ, ಟಾರು ರಸ್ತೆಯ ಕಂಬ ಸೇರುತ್ತದೆ. ಗಾಳಿಗೆ ಅಡಿಕೆ ಮರ ಓಲಾಡುತ್ತದೆ, ಹಾಗಾಗಿ ಎಳೆದು ಕಟ್ಟುವಂತಿಲ್ಲ, ಸಡಿಲ ಬಿಡಬೇಕು. ಪಕ್ಕದವರು ಇದಕ್ಕೆ ಒಂದು ಕಾಗದ ಕೇಳಲಿಲ್ಲ, ಒಂದು ರೂಪಾಯಿ ಕೇಳಲಿಲ್ಲ. ಕೊಳೆರೋಗಕ್ಕೆ ಮಡ್ಡಿ ಹೊಡೆಯುವ ದಿನ ಕೊನೆಗೌಡ ಮರದ ತುದಿಯಲ್ಲಿದ್ದಾಗ ಕೆಳಗೆ ನಿಂತವರು ಪೈಪನ್ನು ವಯರಿಗೆ ತಾಗದ ಹಾಗೆ ಎತ್ತಿ ಹಿಡಿದಿರುತ್ತಾರೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರಿನ ಆ ನೀಲಿ ಮಡ್ಡಿಯ ಕಲೆ ನಮ್ಮ ವಯರಿನ ಮೈತುಂಬ ಇದೆ.

ಆ ವಯರು ಇಲ್ಲಿಗೆ ಬಂದದ್ದು ಲಾಕ್‌ಡೌನಿನ ನಂತರ. 2020ರ ಮಾರ್ಚ್ 24ರ ರಾತ್ರಿ 21 ದಿನ ಎಂದು ಹೇಳಿದಾಗ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿದ್ದೆ. ಊರಿಗೆ ಬಂದ ಮೇಲೆ ಮೊದಲ ಮಳೆಗಾಲವನ್ನು ಗುಡ್ಡದ ಮೇಲೆ ಕಳೆದೆ. ಒಂದು ಕಡ್ಡಿ ಸಿಗ್ನಲ್ಲು ಬರುವ ಬಂಡೆಯ ಮೇಲೆ ಶಾಲೆಯ ಮಕ್ಕಳೂ ಕೊಡೆ ಹಿಡಿದು ಕೂತಿರುತ್ತಿದ್ದರು, ಮೊಬೈಲಿನಲ್ಲಿ ಗಣಿತ ಪಾಠ ಕೇಳುತ್ತ.

ಹತ್ತಕ್ಕೆ ಐದು ನಿಮಿಷ ಇದೆ. ಆ ಸ್ಟೂಲು ಎಳೆದುಕೊಂಡು ಕೂತುಕೊಳ್ಳಿ. ಪಾಸ್‌ವರ್ಡ್ ಹಾಕಿದೆ, ಈಗ ಆರು ಅಂಕಿ ಕೇಳುತ್ತಿದೆ. ಮೊಬೈಲಿನಲ್ಲಿ ಆ ಅಂಕಿ ಇದೆ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಈ ಮೊಬೈಲಿಗೆ ಈಗ ಸಿಗ್ನಲ್ಲೇ ಇಲ್ಲ, ಆದರೂ ಅಂಕಿ ಸರಿಯಾಗಿಯೇ ಇರುತ್ತದೆ. ಒಂದೇ ಪಂಚಾಂಗ ಇಟ್ಟುಕೊಂಡ ಎರಡು ಮನೆಗಳು ಒಂದನ್ನೊಂದು ಕೇಳದೆಯೇ ಇವತ್ತಿನ ತಿಥಿ ಹೇಳುವುದಿಲ್ಲವೇ, ಹಾಗೆ. ಮೊದಲ ದಿನ ಒಂದು ಗುಟ್ಟಿನ ಸಂಖ್ಯೆಯನ್ನು ಮೊಬೈಲಿಗೂ ಸರ್ವರಿಗೂ ಕೊಟ್ಟಿರುತ್ತಾರೆ. ಆಮೇಲೆ ಎರಡೂ ಗಡಿಯಾರ ನೋಡಿ ತಂತಮ್ಮ ಲೆಕ್ಕ ಹಾಕುತ್ತವೆ. ಇಗೋ, ತಾಳೆಯಾಯಿತು. ವಿಪಿಎನ್ ಬಂತು.

ಮೀಟಿಂಗು. ಪರದೆಯಲ್ಲಿ ಆರು ಚೌಕ, ನಾಲ್ಕು ಬೆಂಗಳೂರು, ಎರಡು ಪುಣೆ. ನಾನು ಕಿಟಕಿಗೆ ಬೆನ್ನು ಕೊಟ್ಟು ಕೂರುವುದಿಲ್ಲ, ಗೋಡೆಗೆ ಕೊಡುತ್ತೇನೆ. ವಿಡಿಯೊ ಇಡೀ ಚಿತ್ರವನ್ನು ಮತ್ತೆ ಮತ್ತೆ ಕಳಿಸುವುದಿಲ್ಲ, ಬದಲಾದಷ್ಟನ್ನು ಕಳಿಸುತ್ತದೆ. ಹಿಂದೆ ಗೋಡೆ ಇದ್ದರೆ ಅದಕ್ಕೆ ಕೆಲಸ ಕಡಿಮೆ. ಓಲಾಡುವ ಸೋಗೆ ಇದ್ದರೆ ಪ್ರತಿ ಎಲೆಯನ್ನೂ ಹೊಸದಾಗಿ ಹೊರಬೇಕು. ಮಾತಿನ ಸಾಗಾಟ ಇನ್ನೂ ನಾಜೂಕು. ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತು 50 ತುಂಡಾಗಿ ಹೊರಡುತ್ತದೆ. ತಡವಾಗಿ ಬಂದ ತುಂಡಿಗೆ ಆ ಕಡೆ ಯಾರೂ ಕಾಯುವುದಿಲ್ಲ. ಅದನ್ನು ಬಿಟ್ಟು, ಅಕ್ಕಪಕ್ಕದ ದನಿಯಿಂದ ಸಂದು ಮುಚ್ಚಿ ಮುಂದೆ ಹೋಗುತ್ತಾರೆ. ನನ್ನ ದನಿ ಕೆಲವೊಮ್ಮೆ ತಗಡಿನ ಹಾಗೆ ಕೇಳುವುದು ಅದಕ್ಕೇ.

ಮ್ಯೂಟ್ ತೆಗೆದು ಮಾತಾಡುತ್ತೇನೆ. ನಮ್ಮ ತಲೆಯ ಮೇಲೆ ಹಂಚಿಗೆ ಮಳೆ ರಾಚುತ್ತಿದೆ. ನೀವು ಹೇಳಿದ್ದು ನನಗೇ ಕೇಳಿಸುತ್ತಿಲ್ಲ.

“ಓ, ನಿಮ್ಮಲ್ಲಿ ಮಳೆ ನಿಂತಿತಾ?” ಎಂದು ಬೆಂಗಳೂರಿನವರು ಕೇಳುತ್ತಾರೆ.

ನಿಂತಿಲ್ಲ. ಈ ಲ್ಯಾಪ್‌ಟಾಪಿನೊಳಗೆ ಗದ್ದಲ ತೆಗೆಯುವ ಪ್ರೋಗ್ರಾಮು ಇದೆ. ಮನುಷ್ಯರ ದನಿ ಯಾವುದು, ಬೇಡದ ಸದ್ದು ಯಾವುದು ಎಂದು ಅದಕ್ಕೆ ಅಸಂಖ್ಯ ಮಾದರಿ ಕೇಳಿಸಿ ಕಲಿಸಿರುತ್ತಾರೆ. ಫ್ಯಾನು, ರಸ್ತೆ, ಮಳೆ ಎಲ್ಲ ಬೇಡದ ರಾಶಿಯಲ್ಲಿ ಬೀಳುತ್ತವೆ. ಎರಡು ದಿನದಿಂದ ನಮ್ಮ ಮಾತು, ನಿದ್ದೆ, ಅಡುಗೆ ಎಲ್ಲವನ್ನೂ ಆವರಿಸಿರುವ ಈ ಸದ್ದು ಬೆಂಗಳೂರು ಮುಟ್ಟುವುದಿಲ್ಲ. ಕೆಲಸಕ್ಕೆ ಅದು ಒಳ್ಳೆಯದೇ. ನನಗೆ ಮಾತ್ರ ಪ್ರತಿ ಸಲವೂ, ಮನೆಯ ಹಿರಿಯರೊಬ್ಬರನ್ನು ಒಳಗೆ ಕೂರಿಸಿ ಬಾಗಿಲು ಮುಚ್ಚಿದ ಹಾಗಾಗುತ್ತದೆ.

ಹನ್ನೊಂದೂ ನಲವತ್ತು. ಹೊರಗೆ ಹಳ್ಳದ ಕಡೆಯಿಂದ ಚಟಚಟ, ಆಮೇಲೆ ಒಂದು ದೊಡ್ಡ ದಪ್! ಪರದೆಯ ಮೇಲಿನ ಮುಖಗಳು ಬಾಯಿ ತೆರೆದಲ್ಲೇ ನಿಂತವು. ಗೋಡೆ ನೋಡಿ. ಹಸಿರು ಹೋಯಿತು. ಎಲ್‌ಓಎಸ್ ಕೆಂಪಗೆ ಮಿಣುಕುತ್ತಿದೆ.

ನಡೆಯಿರಿ, ಕೊಡೆ ತೆಗೆದುಕೊಳ್ಳಿ. ಗುಡ್ಡದ ಬಂಡೆಗೆ ಹೋಗಿ ಎರಡು ಮೆಸೇಜು ಹಾಕಬೇಕು: ಒಂದು ಆಫೀಸಿಗೆ, ಒಂದು ಇಂಟರ್ನೆಟ್ಟಿನ ಲೈನ್‌ಮನ್ನಿಗೆ. ಇಬ್ಬರಿಂದಲೂ ಉತ್ತರ ಬಂತು. ಮರದ ಕೊಂಬೆ ಎಂದೊಡನೆ ಲೈನ್‌ಮನ್ನರು ಬೇರೇನೂ ಕೇಳಲಿಲ್ಲ. “ಊಟ ಮಾಡ್ಕಂಡು ಹೊರಡ್ತೆ” ಎಂದರು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾನು ತಿದ್ದುತ್ತಿರುವ ಕೋಡು ಪೂರ್ತಿಯಾಗಿ, ಅದರ ಹಳೆಯ ಚರಿತ್ರೆಯ ಸಮೇತ, ಈ ಯಂತ್ರದಲ್ಲೇ ಇದೆ. ಗಿಟ್ ಇರುವುದೇ ಹಾಗೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದದ್ದು ಲಿನಕ್ಸಿನ ಕೆಲಸಕ್ಕಾಗಿ. ಆ ಕೆಲಸ ಮಾಡುವವರು ಒಂದೇ ಕಟ್ಟಡದವರಲ್ಲ, ಬೇರೆ ಬೇರೆ ದೇಶಗಳಲ್ಲಿ ಕೂತು ಈಮೇಲಿನಲ್ಲೇ ತಿದ್ದುಪಡಿ ಕಳಿಸಿಕೊಳ್ಳುತ್ತಿದ್ದವರು. ಹಾಗಾಗಿ ಲೈನು ಹೋದರೂ ಕೆಲಸ ಸಾಗುತ್ತದೆ; ಬಂದಾಗ ಒಟ್ಟಿಗೆ ಕಳಿಸಿದರಾಯಿತು. ಉಂಡು ಬನ್ನಿ. ಅಮ್ಮ ಒಂದೆಲಗದ ತಂಬುಳಿ ಮಾಡಿದ್ದಾಳೆ.

ಎರಡೂ ಮುಕ್ಕಾಲಿಗೆ ಕಾಲುಸಂಕದ ಆಚೆ ಲೈನ್‌ಮನ್ನರ ನೀಲಿ ರೇನ್‌ಕೋಟು ಕಂಡಿತು. ಹೆಗಲಿಗೆ ಚೀಲ, ಕೈಯಲ್ಲಿ ಹಳದಿ ಪೆಟ್ಟಿಗೆ. ಮನೆಯೊಳಗೆ ಬಂದು ಮೋಡೆಮ್ಮಿನ ಹಿಂದಿನ ವಯರು ಬಿಚ್ಚಿ, ಅದರ ತುದಿಗೆ ಪೆನ್ನಿನಂಥದ್ದೊಂದನ್ನು ಸಿಕ್ಕಿಸುತ್ತಾರೆ. ಅದು ಕೆಂಪು ಲೇಸರ್. ವಯರಿನೊಳಗಿನ ಗಾಜಿನ ಎಳೆಯಲ್ಲಿ ದಿನಾ ಓಡಾಡುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. 1,490 ನ್ಯಾನೊಮೀಟರಿನದು ಮನೆಗೆ ಬರುತ್ತದೆ, 1,310ರದ್ದು ಮನೆಯಿಂದ ಹೋಗುತ್ತದೆ, ಎರಡೂ ಒಂದೇ ಎಳೆಯಲ್ಲಿ. ಈ ಕೆಂಪು ಬೆಳಕು ಮಾತ್ರ ಕಾಣುತ್ತದೆ. ಈಗ ಅವರ ಹಿಂದೆಯೇ ತೋಟಕ್ಕೆ ಇಳಿಯಿರಿ.

ಅಡಿಕೆ ಮರಗಳ ನಡುವೆ ಹಗಲಲ್ಲೂ ಮಬ್ಬು. ಹಳ್ಳದ ಈಚೆ ದಡದಲ್ಲಿ ಮತ್ತಿ ಮರದ ಕೊಂಬೆ ಅಡ್ಡ ಬಿದ್ದಿದೆ. ಅದರ ಕೆಳಗೆ, ಒದ್ದೆ ಸೊಪ್ಪಿನ ಮಧ್ಯೆ, ಕೆಂಡದ ಕಿಡಿಯಷ್ಟು ಬೆಳಕು ಉರಿಯುತ್ತಿದೆ. “ಅಲ್ಲಿದೆ ನೋಡಿ” ಎನ್ನುತ್ತಾರೆ. ತುಂಡಾದದ್ದು ಅಲ್ಲೇ.

ಪಕ್ಕದ ತೋಟದವರೂ ಬಂದಿದ್ದಾರೆ. ಯಾರೂ ಹೇಳದೆಯೇ ಒಬ್ಬರು ಕೊಂಬೆ ಕಡಿಯುತ್ತಾರೆ, ಇನ್ನೊಬ್ಬರು ಹಳದಿ ಪೆಟ್ಟಿಗೆಯ ಮೇಲೆ ಕೊಡೆ ಹಿಡಿಯುತ್ತಾರೆ. ಕರಿ ಸಿಪ್ಪೆ ಸುಲಿದು, ಒಳಗಿನ ಬಣ್ಣದ ಸಿಪ್ಪೆಯನ್ನೂ ಸುಲಿದ ಮೇಲೆ ಉಳಿಯುವುದು ಬರೀ ಗಾಜು. 125 ಮೈಕ್ರಾನ್ ದಪ್ಪ. ಬೆಳಕು ಓಡುವ ನಡುತಿರುಳು 9 ಮೈಕ್ರಾನ್. ಸ್ಪಿರಿಟ್ ಅದ್ದಿದ ಕಾಗದದಲ್ಲಿ ಒರೆಸುತ್ತಾರೆ, ಕಿಯ್ ಎನ್ನುತ್ತದೆ. ಕತ್ತರಿಸುವ ಉಪಕರಣದಲ್ಲಿಟ್ಟು ಚಿಟಕ್ ಎನಿಸುತ್ತಾರೆ. ಎರಡು ತುದಿಗಳನ್ನೂ ಹಳದಿ ಪೆಟ್ಟಿಗೆಯಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ, ಅದರ ಪುಟ್ಟ ಪರದೆಯಲ್ಲಿ ಎರಡು ತೊಲೆಗಳಷ್ಟು ದೊಡ್ಡದಾಗಿ ಕಾಣುತ್ತವೆ. ಯಂತ್ರ ತಾನೇ ಅವನ್ನು ಮೇಲೆ ಕೆಳಗೆ ಸರಿಸಿ ಸಾಲಿಗೆ ತರುತ್ತದೆ. ಒಂದು ಕಿಡಿ. ಎರಡು ತೊಲೆ ಒಂದಾಯಿತು, ಬೆಸುಗೆಯ ಗುರುತೂ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ, ಅವರ ಕೈ ನೋಡಿ. ಕತ್ತರಿಸಿ ಬಿದ್ದ ಗಾಜಿನ ಚೂರುಗಳು ಕೂದಲಿಗಿಂತ ಹೆಚ್ಚು ದಪ್ಪವಿಲ್ಲ, ಅರ್ಧ ಬೆರಳುದ್ದ. ಒಂದೊಂದನ್ನೂ ಬೆರಳಿನಿಂದಲ್ಲ, ಅಂಟುಪಟ್ಟಿಯಿಂದ ಒತ್ತಿ ಎತ್ತಿ, ಔಷಧದ ಹಳೆ ಶೀಶೆಗೆ ಹಾಕಿ ಬಿರಡೆ ಮುಚ್ಚುತ್ತಿದ್ದಾರೆ. ನಾಲ್ಕು ಸಲ ಕತ್ತರಿಸಿದ್ದರು. ಶೀಶೆಯಲ್ಲಿ ಮೂರೇ ಇದೆ. ನಾಲ್ಕನೆಯದಕ್ಕೆ ಮೊಬೈಲಿನ ಟಾರ್ಚು ಹಿಡಿದು ಮಂಡಿಯೂರಿ ಹುಡುಕುತ್ತಿದ್ದಾರೆ. ಮಳೆ ಬೆನ್ನಿಗೆ ಹೊಡೆಯುತ್ತಿದೆ. “ಬರಿಗಾಲಲ್ಲಿ ಓಡಾಡೋ ತೋಟ, ಕಾಲಿಗೆ ಹೊಕ್ಕರೆ ಕಾಣೂದಿಲ್ಲ, ಬರೂದೂ ಇಲ್ಲ” ಎನ್ನುತ್ತಾರೆ. ಸಿಕ್ಕಿತು. ಪೆಟ್ಟಿಗೆಯ ಅಡಿಯಲ್ಲೇ ಇತ್ತು.

ಮನೆಗೆ ಬಂದು ಬೆಳಕಿನ ಬಲ ಅಳೆಯುವ ಮೀಟರು ಇಟ್ಟರೆ ಮೈನಸ್ 22. ಮೈನಸ್ 27ರಿಂದ ಕೆಳಗೆ ಹೋದರೆ ಕಷ್ಟ, ಇದು ಚೆನ್ನಾಗಿದೆ. ವಯರು ಸಿಕ್ಕಿಸಿದ್ದೇ ಪಾನ್ ಮಿಣುಕಿ, ಮಿಣುಕಿ, ನಿಂತಿತು. ಅವರು ಚಹಾ ಕುಡಿದು ಕವಳ ಹಾಕಿಕೊಂಡು ಹೊರಟರು, ಇನ್ನೂ ಎರಡು ಊರಿಗೆ ಹೋಗಬೇಕಂತೆ.

ಸಂಜೆ ಏಳೂವರೆ. ಕೊನೆಯ ಕರೆ, ನ್ಯೂಜೆರ್ಸಿಯ ಸಹೋದ್ಯೋಗಿಗೆ. ಅಲ್ಲಿ ಬೆಳಗಿನ ಹತ್ತು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. ಅಷ್ಟಾದರೂ ಸಮುದ್ರದಡಿಯ ಕೇಬಲ್ಲು ಸುತ್ತಿ ಹೋಗಿ ಬರುವಷ್ಟರಲ್ಲಿ ಕಾಲು ಸೆಕೆಂಡು ಹಿಡಿಯುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಟ್ಟಿಗೆ ನಿಲ್ಲಿಸುವುದು ಅದರಿಂದ. ವರ್ಷಗಳಾದ ಮೇಲೆ ಮಾತು ಮುಗಿಸಿ ಒಂದು ಉಸಿರು ಬಿಡುವ ಅಭ್ಯಾಸ ನಮಗಿಬ್ಬರಿಗೂ ಬಂದಿದೆ. ಆಕೆ ತೀರ್ಥಹಳ್ಳಿ ಕಡೆಯವಳು. ಊರಿಗೆ ಬಂದು ಮೂರು ವರ್ಷವಾಯಿತು. ಕೆಲಸದ ಮಾತು ಮುಗಿಯಿತು.

“ಮಳೆಯಾ?”

“ಎರಡು ದಿನದಿಂದ.”

“ಒಂಚೂರೂ ಕೇಳಿಸ್ತಾ ಇಲ್ಲ.”

ಸೆಟ್ಟಿಂಗಿಗೆ ಹೋಗಿ ಗದ್ದಲ ತೆಗೆಯುವ ಗುಂಡಿಯನ್ನು ಆರಿಸುತ್ತೇನೆ. ಲ್ಯಾಪ್‌ಟಾಪನ್ನು ಕಿಟಕಿಯ ಕಡೆ ತಿರುಗಿಸಿ ಇಡುತ್ತೇನೆ. ಹಂಚಿನ ಮೇಲಿನದು, ಸೋಗೆಯ ಮೇಲಿನದು, ಅಂಗಳದ ಹಂಡೆಗೆ ದಬೆಯಿಂದ ಬೀಳುವುದು, ಹಳ್ಳದ ಕಪ್ಪೆಗಳು. ಆಕೆ ಕ್ಯಾಮೆರಾ ಆರಿಸಿದ್ದಾಳೆ. ಮಾತಿಲ್ಲ.

ಕೆಳಗೆ ಇನ್ವರ್ಟರ್ ಬೀಪ್ ಅನ್ನತೊಡಗುತ್ತದೆ. ಮೆಟ್ಟಿಲ ಸಂದಿನಿಂದ ಬರುತ್ತಿದ್ದ ಅಡುಗೆಮನೆಯ ಬೆಳಕು ಆರುತ್ತದೆ.

“ದೀಪ ಆರ್ಸಿದ್ದೆ, ನೀ ಮಾತಾಡು!” ಎಂದು ಅಮ್ಮ ಕೂಗುತ್ತಾಳೆ. ಆ ಕೂಗೂ ಮಳೆಯ ಜೊತೆ ಹೋಯಿತು.

ಕಾಲು ಸೆಕೆಂಡು ಕಳೆದು, ಆ ಕಡೆಯಿಂದ ಆಕೆ ನಕ್ಕದ್ದು ಕೇಳಿಸಿತು.